ಬಿಗಿದವರು ಹಿಂದೆ ಬರಬೇಕು

ಸೆಪ್ಟೆಂಬರ್ ಬಂತೆಂದರೆ ರೊಸಿತ್ಸಾಗೆ ಗ್ಯಾರೇಜಿನಲ್ಲಿ ಅರ್ಧ ಜಾಗ ಬೇಕು. ಉಳಿದ ತಿಂಗಳೆಲ್ಲ ಗಂಡ ವೆಸೆಲಿನ್ ಅಲ್ಲಿ ತನ್ನ ಮುದಿ ಬೈಕನ್ನು ನಿಲ್ಲಿಸಿಕೊಳ್ಳಲಿ, ಒರೆಸಲಿ, ಬೇಕಾದರೆ ಅದಕ್ಕೆ ಜೋಗುಳ ಹಾಡಲಿ, ಅವಳು ತಲೆ ಹಾಕುವವಳಲ್ಲ. ಆದರೆ ಸೆವ್ಲಿಯೆವೊ ಊರಿನ ಮನೆಮನೆಯೂ ಕೆಂಪು ಮೆಣಸಿನಕಾಯಿ ಸುಟ್ಟು, ಟೊಮೆಟೊ ಜತೆ ಕುದಿಸಿ, ಚಳಿಗಾಲಕ್ಕೆಂದು ಗೊಜ್ಜು ತುಂಬಿಡುವ ಹೊತ್ತಿನಲ್ಲಿ ಅವಳು ಒಲೆ ಹೂಡುವುದಾದರೂ ಎಲ್ಲಿ? ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸುಟ್ಟರೆ ಹೊಗೆ ಮೇಲಿನ ಮನೆಯವರ ಒಗೆದ ಬಟ್ಟೆಗೆ ಹಿಡಿಯುತ್ತದೆ, ಆಮೇಲೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಮುಖ ಊದಿಸಿಕೊಂಡು ಓಡಾಡುತ್ತಾರೆ.

ತಾಪತ್ರಯ ಏನೆಂದರೆ, ವೆಸೆಲಿನ್ ಮತ್ತು ಅವನ ಇಬ್ಬರು ಗೆಳೆಯರ ವರ್ಷದ ಕೊನೆಯ ಸವಾರಿಯೂ ಇದೇ ಕಾಲಕ್ಕೆ ಬರುತ್ತಿತ್ತು. ಮಾರುಕಟ್ಟೆಯ ಮೂಲೆಯಲ್ಲಿ ಬೀಗದ ಕೈ ಮಾಡಿಕೊಡುವ ಗೆಂಚೊ, ಬೇಕರಿಯ ವ್ಯಾನು ಓಡಿಸುವ ಬಾಯಿಲ್ಲದ ಮಿಲ್ಕೊ, ಮತ್ತೆ ಇವನು. ಮೂವರ ಬಳಿಯೂ ಒಂದೇ ಜಾತಿಯ ಬೈಕು: ಯಾರೋ ಮರುಭೂಮಿ ದಾಟಲಿ ಎಂದು ಮೂವತ್ತು ಚಿಲ್ಲರೆ ವರ್ಷದ ಕೆಳಗೆ ಮಾಡಿದ್ದು, ಕುದುರೆಯಷ್ಟು ಎತ್ತರ, ಹತ್ತಿ ಇಳಿಯಲು ಸೊಂಟ ಗಟ್ಟಿ ಇರಬೇಕು. ಈಗ ಅವುಗಳ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ರಬ್ಬರ್ ಉಂಗುರಕ್ಕಾಗಿ ಗೆಂಚೊ ಮೂರು ದೇಶಗಳ ಅಪರಿಚಿತರಿಗೆ ಫೋನು ಮಾಡಿ, ಯಾರ ಭಾಷೆಯೂ ಬಾರದೆ, ಕೊನೆಗೆ ಅದನ್ನು ತಾನೇ ಕತ್ತರಿಸಿ ಮಾಡಿಕೊಂಡಿದ್ದ.

ಈ ಮೂವರಲ್ಲಿ ಒಂದು ಕಟ್ಟಳೆ ಇತ್ತು. ತನ್ನ ಬೈಕನ್ನು ತಾನು ಪರೀಕ್ಷೆ ಮಾಡುವಂತಿಲ್ಲ, ದಿನಾ ನೋಡುವ ಕಣ್ಣಿಗೆ ತಪ್ಪು ಕಾಣುವುದಿಲ್ಲವಂತೆ. ಹೊರಡುವ ಹಿಂದಿನ ಸಂಜೆ ವೆಸೆಲಿನ್ ಗೆಂಚೊನ ಬೈಕನ್ನೂ, ಗೆಂಚೊ ಮಿಲ್ಕೊನದನ್ನೂ, ಮಿಲ್ಕೊ ವೆಸೆಲಿನ್‌ನದನ್ನೂ ಚಕ್ರದಿಂದ ಬ್ರೇಕಿನವರೆಗೆ ನೋಡಿ ಬಿಗಿಯಬೇಕು. ಮರುದಿನ ಯಾರು ಬಿಗಿದರೋ ಅವರು ಆ ಬೈಕಿನ ಹಿಂದೆಯೇ ಹೋಗಬೇಕು. ನೀನು ಬಿಗಿದ ಚಕ್ರ ಕಳಚಿಕೊಂಡರೆ ನಿನ್ನ ಕಣ್ಣೆದುರಿಗೇ ಕಳಚಿಕೊಳ್ಳಲಿ ಎನ್ನುವುದು ಗೆಂಚೊನ ನ್ಯಾಯ. ಮೂವರೂ ಹೀಗೆ ಒಬ್ಬರ ಹಿಂದೊಬ್ಬರು ಹೋಗಬೇಕಾದರೆ ರಸ್ತೆ ದುಂಡಗಿರಬೇಕಲ್ಲ ಎಂದು ವೆಸೆಲಿನ್‌ನ ಮಗಳು ದಾರಿನಾ ಸಣ್ಣವಳಿದ್ದಾಗಲೇ ಕೇಳಿದ್ದಳು. ಗಂಡಸರು ನಕ್ಕು ಅವಳ ಕೆನ್ನೆ ಹಿಂಡಿದ್ದರು, ಕಟ್ಟಳೆ ಹಾಗೇ ಉಳಿದಿತ್ತು.

ಆ ದಾರಿನಾಗೆ ಈಗ ಇಪ್ಪತ್ತಾರು. ಸೋಫಾಗಳಿಗೆ ಬಟ್ಟೆ ಹೊಲಿಯುವ ಕಡೆ ಕೆಲಸ. ಎರಡು ವರ್ಷದ ಹಿಂದೆ ಸದ್ದಿಲ್ಲದೆ ದೊಡ್ಡ ಬೈಕಿನ ಲೈಸೆನ್ಸ್ ಮಾಡಿಸಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟಾಗ ರೊಸಿತ್ಸಾ ಒಂದು ವಾರ ಅವಳ ಜತೆ ಮಾತು ಬಿಟ್ಟಿದ್ದಳು. ಒಂದು ಮನೆಗೆ ಒಬ್ಬ ಹುಚ್ಚ ಸಾಕು ಎನ್ನುವುದು ಅವಳ ವಾದ. ಅಂದಿನಿಂದ ಹುಡುಗಿ ಭಾನುವಾರಗಳಲ್ಲಿ ಅಪ್ಪನ ಬೈಕಿನಲ್ಲಿ ಜಲಾಶಯದ ಸುತ್ತ ಹೋಗಿ ಬರುವಳು, ತಾಯಿ ಅದನ್ನು ಕಂಡೂ ಕಾಣದಂತೆ ಇರುವಳು.

ಆ ವರ್ಷದ ಗೊಜ್ಜಿನ ಕೆಲಸ ಎಂದಿನಂತೆ ಬೈಗುಳದಲ್ಲೇ ಶುರುವಾಯಿತು. ಬೈಕನ್ನು ಗೋಡೆಗೆ ಒತ್ತರಿಸಿ, ಅದರ ಮೇಲೆ ಹಳೆಯ ಹೊದಿಕೆ ಎಳೆದು, ಬಾಗಿಲ ಬಳಿ ಒಲೆ ಇಟ್ಟದ್ದಾಯಿತು. ರೊಸಿತ್ಸಾಳ ಅತ್ತೆ ತ್ಸೋನಾ ಅಜ್ಜಿ ಕುರ್ಚಿ ಹಾಕಿಕೊಂಡು ಸುಟ್ಟ ಕಾಯಿಗಳ ಸಿಪ್ಪೆ ಸುಲಿದಳು. ರೊಸಿತ್ಸಾ ಕಡಾಯಿ ತಿರುವಿದಳು, ದಾರಿನಾ ಗಾಜಿನ ಜಾಡಿಗಳಿಗೆ ತುಂಬಿದಳು. ಮುಚ್ಚಳ ಬಿಗಿಯುವುದು ಮಾತ್ರ ವೆಸೆಲಿನ್‌ನ ಪಾಲು. ಅವನು ಮುಚ್ಚಿದ ಜಾಡಿ ತೆರೆಯಬೇಕಾದರೆ ಚಾಕುವಿನ ತುದಿ ಹಾಕಿ ಮೀಟಬೇಕು ಎಂದು ಕೇರಿಯಲ್ಲೇ ಹೆಸರಾಗಿತ್ತು. ಪುರಸಭೆಯ ನೀರಿನ ವಿಭಾಗದಲ್ಲಿ ಪೈಪು ಕೂಡಿಸಿ ಕೂಡಿಸಿ ಪಳಗಿದ ಕೈ. ಅಳತೆ ತೋರಿಸುವ ಸ್ಪ್ಯಾನರ್ ಬೇರೆಯವರಿಗಿರಲಿ, ಎಷ್ಟು ಬಿಗಿದರೆ ಸಾಕು ಎಂದು ನನ್ನ ಬೆರಳಿಗೇ ಗೊತ್ತು ಎನ್ನುತ್ತಿದ್ದ. ಮುಚ್ಚಿದ ಜಾಡಿಗಳನ್ನೆಲ್ಲ ಹಿತ್ತಲಿನಲ್ಲಿ ಡ್ರಮ್ಮಿನ ನೀರಿಗೆ ಇಳಿಸಿ ಕುದಿಸಿ, ನೆಲಮಾಳಿಗೆಯ ಕಪಾಟಿಗೆ ಏರಿಸಿದಾಗ ಎಲ್ಲರ ಸೊಂಟವೂ ಬಿದ್ದುಹೋಗಿತ್ತು.

ಎರಡು ವಾರ ಕಳೆದಿರಬೇಕು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮುಗಿಸಿ ರೊಸಿತ್ಸಾ ಮನೆಗೆ ಬಂದು ಇನ್ನೂ ಚಪ್ಪಲಿ ಬದಲಿಸಿರಲಿಲ್ಲ, ಅತ್ತೆ ಒಂದು ಜಾಡಿ ಹಿಡಿದುಕೊಂಡು ಎದುರಿಗೇ ನಿಂತಿದ್ದಳು.

"ಮೂಸಿ ನೋಡು," ಎಂದಳು ತ್ಸೋನಾ ಅಜ್ಜಿ. "ನೊರೆ ಬಂದಿದೆ. ನನ್ನ ಜನ್ಮದಲ್ಲಿ ಇಂಥ ಗೊಜ್ಜು ನೋಡಿರ್ಲಿಲ್ಲ. ಶಾಲೆ ಮಕ್ಕಳಿಗೂ ಹೀಗೇ ಅರೆಬರೆ ಬೇಯಿಸಿ ಹಾಕ್ತೀಯೇನು?"

"ಕುದಿಯೋವಾಗ ಪಕ್ಕದಲ್ಲಿ ಕಾವಲು ಕೂತಿದ್ದು ನೀವೇ ಅಲ್ವಾ ಅತ್ತೆ. ಆಗ ಯಾಕೆ ಸುಮ್ನಿದ್ರಿ?"

"ಸುಮ್ನಿದ್ನಾ? ಇನ್ನೊಂದು ಸ್ವಲ್ಪ ಕುದೀಲಿ ಅಂದೆ. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ."

ದಾರಿನಾ ಕೋಣೆಯಿಂದಲೇ, ಒಂದು ಜಾಡಿಗೆ ಇಷ್ಟೆಲ್ಲ ರಾಮಾಯಣ ಬೇಡ ಎಂದಳು. ಒಂದಲ್ಲ ಎಂದಳು ಅಜ್ಜಿ. ಅದೂ ನಿಜವೇ ಆಗಿತ್ತು. ರೊಸಿತ್ಸಾ ನೆಲಮಾಳಿಗೆಗೆ ಇಳಿದು ನೋಡಿದರೆ ಕಪಾಟಿನ ಮುಕ್ಕಾಲು ಪಾಲು ಹುಳಿ ಬಂದಿತ್ತು, ಕೆಲವದರ ಮೇಲೆ ಬಿಳಿ ಬೂಷ್ಟು. ಒಂದು ಜಾಡಿ ಎತ್ತಿಕೊಂಡು ಮುಚ್ಚಳ ತಿರುಗಿಸಲು ಹೋದಳು. ಹೆಬ್ಬೆರಳು ತಾಗಿಸಿದ್ದಷ್ಟೇ, ಅದು ಸಲೀಸಾಗಿ ತಿರುಗಿಬಿಟ್ಟಿತು. ಇನ್ನೊಂದು ನೋಡಿದಳು, ಮತ್ತೊಂದು ನೋಡಿದಳು. ಕೆಲವು ಮಾತ್ರ ಬಿಗಿಯಾಗಿದ್ದವು, ಅವು ವೆಸೆಲಿನ್ ಸಿಗರೇಟು ಸೇದಲು ಹೋದಾಗ ದಾರಿನಾ ಮುಚ್ಚಿದವು. ರೊಸಿತ್ಸಾ ಆ ತಣ್ಣಗಿನ ನೆಲದ ಮೇಲೆ ಒಂದು ಮರದ ಪೆಟ್ಟಿಗೆ ಎಳೆದುಕೊಂಡು ಕೂತಳು. ಗೊಜ್ಜಿನ ಚಿಂತೆ ಅವಳ ತಲೆಯಿಂದ ಪೂರ್ತಿ ಹೋಗಿತ್ತು.

ಆ ದಿನದಿಂದ ಅವಳ ಕಣ್ಣು ಗಂಡನ ಬಲಗೈಯನ್ನು ಬಿಡಲಿಲ್ಲ. ಬೀನ್ಸ್ ಕಾಳಿನ ಸಾರನ್ನು ಅವನು ಎಡಗೈಯಲ್ಲಿ ಚಮಚ ಹಿಡಿದು ಕುಡಿಯುತ್ತಿದ್ದ. ಬ್ರೆಡ್ಡನ್ನು ಅಮ್ಮನ ಕಡೆ ತಳ್ಳಿ, ನೀನು ಕುಯ್ದರೆ ತೆಳ್ಳಗೆ ಬರುತ್ತೆ ಎನ್ನುತ್ತಿದ್ದ. ಅಂಗಿಯ ಮೇಲಿನ ಗುಂಡಿ ಹಾಕುವುದನ್ನೇ ಬಿಟ್ಟಿದ್ದ. ಬೇಸಿಗೆಯಲ್ಲಿ ಪೈಪಿನ ಕೆಲಸ ಬಿಟ್ಟು ಇಲಾಖೆಯ ವ್ಯಾನು ಓಡಿಸಲು ಶುರು ಮಾಡಿದಾಗ, ಹುಡುಗರೂ ಕೆಲಸ ಕಲಿಯಲಿ ಎಂದಿದ್ದ. ಅವಳು ಅದನ್ನು ದೊಡ್ಡ ಮನಸ್ಸು ಎಂದುಕೊಂಡಿದ್ದಳು. ಒಂದು ಸಂಜೆ ಬೇಕೆಂದೇ ಸೋಡಾ ಬಾಟಲಿ ಅವನ ಮುಂದಿಟ್ಟಳು. ಅವನು ಅದನ್ನು ಮಗಳ ಕಡೆ ಜಾರಿಸಿ, ತಿಂದ ಅನ್ನದ ಋಣ ತೀರಿಸು ಎಂದು ತಮಾಷೆ ಮಾಡಿದ. ದಾರಿನಾ ನಗುತ್ತ ತೆರೆದುಕೊಟ್ಟಳು. ರೊಸಿತ್ಸಾಗೆ ನಗು ಬರಲಿಲ್ಲ.

ಬಟ್ಟೆ ಒಣಹಾಕುವಾಗ ಬಾಲ್ಕನಿಯಲ್ಲಿ ಅವನೊಬ್ಬನೇ ಸಿಕ್ಕ. ನಿನ್ನ ಕೈಗೆ ಏನಾಗಿದೆ ಎಂದು ನೇರವಾಗಿ ಕೇಳಿದಳು. ಏನೂ ಆಗಿಲ್ಲ, ಈ ಸಲದ ಮುಚ್ಚಳಗಳೇ ಸರಿ ಇಲ್ಲ, ಈಗಿನ ಕಾಲದಲ್ಲಿ ಯಾವುದು ತಾನೇ ಸರಿಯಾಗಿ ಬರುತ್ತೆ ಎಂದ. ದಾರಿನಾ ಮುಚ್ಚಿದವು ಹೇಗೆ ಸರಿಯಾಗಿವೆ ಎಂದರೆ, ನೀನು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ಎಂದು ಒಳಗೆ ಹೋದ. ಹೋಗುವ ಮುನ್ನ ಕ್ಲಿಪ್ಪು ಕೊಡಲು ಅವನು ಚಾಚಿದ್ದೂ ಎಡಗೈಯನ್ನೇ.

ಸವಾರಿಗೆ ಒಂದು ವಾರ ಉಳಿದಿತ್ತು. ಬಾಲ್ಕನ್ ಬೆಟ್ಟ ಹತ್ತಿ ಇಳಿದು, ಆಚೆ ರೊಡೊಪಿ ಕಾಡಿನ ಜಲ್ಲಿಕಲ್ಲಿನ ದಾರಿಗಳಲ್ಲಿ ಮೂರು ದಿನ. ಶುಕ್ರವಾರ ಸಂಜೆ ವೆಸೆಲಿನ್ ಗೆಂಚೊನ ಚಕ್ರ ಬಿಗಿಯುತ್ತಾನೆ. ಆ ಜಾಡಿಗಳನ್ನು ಬಿಗಿದ ಕೈಯಲ್ಲೇ ಬಿಗಿಯುತ್ತಾನೆ. ಇದನ್ನು ನೆನೆದರೆ ರೊಸಿತ್ಸಾಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳ ಸೂಪಿಗೆ ಎರಡು ಸಲ ಉಪ್ಪು ಹಾಕಿದಳು. ಮಾರನೆಯ ದಿನ ಏಪ್ರನ್ ಬಿಚ್ಚದೆ ನೆಟ್ಟಗೆ ಮಾರುಕಟ್ಟೆಗೆ ನಡೆದಳು.

ಗೆಂಚೊ ಗೂಡಂಗಡಿಯಲ್ಲಿ ಯಾವುದೋ ಕೀಲಿ ಉಜ್ಜುತ್ತಿದ್ದ. ಅವಳು ಹೇಳಿದ್ದನ್ನು ತಲೆ ಎತ್ತದೆ ಕೇಳಿ, ಯಂತ್ರ ನಿಲ್ಲಿಸಿ, ಬಹಳ ಹೊತ್ತು ಕೈ ಒರೆಸಿಕೊಂಡ.

"ನಮಗೆ ಮೇ ತಿಂಗಳಲ್ಲೇ ಗೊತ್ತಾಯ್ತು ರೋಸಿ," ಎಂದ. "ಮುಂದಿನ ಚಕ್ರದ ಬೋಲ್ಟು ಬರೀ ಬೆರಳಲ್ಲಿ ತಿರುಗ್ತು. ಅವತ್ತಿಂದ ಅವನು ಬಿಗಿದ ಮೇಲೆ ಮನೆಗೆ ಹೋಗಿ ನಾನೇ ಇನ್ನೊಂದು ಸಲ ಬಿಗೀತೀನಿ. ಮಿಲ್ಕೊಗೂ ಗೊತ್ತು."

"ಅವನಿಗೆ ಹೇಳ್ಲಿಲ್ಲ."

"ಹೇಗೆ ಹೇಳೋದು? ಊರಲ್ಲಿ ಅವನ ಕೈ ಅಂದ್ರೆ ಏನು ಹೆಸರು. ಎಷ್ಟು ಬಿಗಿದರೆ ಸಾಕು ಅಂತ ನಮಗೆಲ್ಲ ಕಲಿಸಿದ್ದೇ ಅವನು."

ರೊಸಿತ್ಸಾ ಸಮಾಧಾನ ಹುಡುಕಿಕೊಂಡು ಬಂದಿದ್ದಳು. ಈಗ ಮೈಯೆಲ್ಲ ಉರಿಯಿತು. "ನಿನ್ನ ಚಕ್ರ ನೀನು ಭದ್ರ ಮಾಡ್ಕೊಂಡೆ. ಅವನ ಬ್ರೇಕು? ಮುಂದಿನ ಬ್ರೇಕು ಬಲಗೈಲಿ ತಾನೇ ಹಿಡಿಯೋದು? ಇಳಿಜಾರಲ್ಲಿ ಆ ಬೆರಳು ಅದುಮಿದೆಯೋ ಇಲ್ವೋ ಅವನಿಗೇ ತಿಳಿಯಲ್ಲ. ಅವನ ಮಾನ ಉಳಿಸೋಕೆ ಹೋಗಿ ಅವನನ್ನೇ ಕಳ್ಕೊಳ್ತೀರಿ ನೀವಿಬ್ರೂ."

ಗೆಂಚೊ ಕೀಲಿಗೆ ಬಂದಿದ್ದ ಹೆಂಗಸನ್ನು ಕಳಿಸಿ, ಮೆಲ್ಲಗೆ, ಹಾಗಾದರೆ ನೀನೇ ಒಂದು ಮಾತು ಹೇಳು ಎಂದ. ಹೌದು, ಇಂಥದ್ದನ್ನೆಲ್ಲ ಹೇಳೋಕೆ ಹೆಂಡತಿ ಇರ್ತಾಳಲ್ಲ ಎಂದು ರೊಸಿತ್ಸಾ ಅಲ್ಲಿಂದ ಹೊರಟಳು.

ಗುರುವಾರ ರಾತ್ರಿಯೂಟಕ್ಕೆ ಅಕ್ಕಿ, ಮಾಂಸ ತುಂಬಿದ ಮೆಣಸಿನಕಾಯಿ ಮಾಡಿದ್ದಳು, ವೆಸೆಲಿನ್‌ಗೆ ಬಹಳ ಇಷ್ಟದ್ದು. ಅವನು ಸವಾರಿಯ ಹುಮ್ಮಸ್ಸಿನಲ್ಲಿದ್ದ. ಮಳೆ ಬರುವುದಿಲ್ಲವಂತೆ, ಕಾರ್ಬ್ಯುರೇಟರ್ ಈ ಸಲ ಮಗುವಿನ ಹಾಗೆ ಉಸಿರಾಡುತ್ತಿದೆ ಎಂದೆಲ್ಲ ಹೇಳುತ್ತಿದ್ದ. ಅವನು ಎರಡನೇ ಸಲ ಬಡಿಸಿಕೊಳ್ಳುವವರೆಗೂ ಅವಳು ತಾಳಿದಳು.

"ವೆಸ್ಕೊ, ಗೆಂಚೊಗೆ ಗೊತ್ತು."

"ಏನು ಗೊತ್ತು?"

"ನಿನ್ನ ಕೈ ವಿಷಯ. ನೀನು ಬಿಗಿದ ಬೋಲ್ಟನ್ನ ಅವನು ಮನೆಗೆ ಹೋಗಿ ಮತ್ತೆ ಬಿಗೀತಾನೆ. ಮೇ ತಿಂಗಳಿಂದ."

ಯಾವ ಬೋಲ್ಟು ಎಂದು ತ್ಸೋನಾ ಅಜ್ಜಿ ಕೇಳಿದಳು. ವೆಸೆಲಿನ್ ಚಮಚ ಕೆಳಗಿಟ್ಟ. ಅವನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು.

"ನನ್ನ ಬೆನ್ನ ಹಿಂದೆ ಹೋಗಿ ಕೇಳಿದ್ಯಾ?"

"ನಿನ್ನ ಎದುರಿಗೇ ಕೇಳ್ದೆ ಮೊದಲು. ಮುಚ್ಚಳ ಸರಿ ಇಲ್ಲ ಅಂದೆ."

"ಇಷ್ಟು ದಿನ ಇಬ್ರೂ ನನ್ನ ನೋಡಿ ಅಯ್ಯೋ ಪಾಪ ಅಂತಿದ್ರಾ ಹಾಗಾದ್ರೆ. ನೀನೂ ಸೇರ್ಕೊಂಡೆ."

"ನಾನು ಪಾಪ ಅನ್ನಲ್ಲ. ನನಗೆ ಹೆದರಿಕೆ."

ಅವನು ಕುರ್ಚಿ ಹಿಂದೆ ದೂಡಿದ. ತ್ಸೋನಾ ಅಜ್ಜಿ ಎದ್ದು ಹೋಗಲು ಬಿಡದೆ ಮಗನ ಬಲಗೈಯನ್ನು ಹಿಡಿದು ಮೇಜಿನ ಮೇಲೆ ಎಳೆದುಕೊಂಡಳು. ಒಂದೊಂದೇ ಬೆರಳನ್ನು ಉಗುರಿನಿಂದ ಚಿವುಟುತ್ತ ಹೋದಳು. ಇದು ಗೊತ್ತಾಗುತ್ತಾ, ಇದು? ಎರಡು ಬೆರಳಿನಲ್ಲಿ ಗೊತ್ತಾಗುತ್ತಿತ್ತು, ಉಳಿದವು ಕಳೆದ ಚಳಿಗಾಲದಿಂದಲೇ ಜೋಮು ಹಿಡಿದು ಕೂತಿದ್ದವು. ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದು ಅಜ್ಜಿ ಬೈದಳು. ತೋರಿಸಿದರೆ ಬೈಕು ಬಿಡು ಅಂತಾರೆ, ಅದಕ್ಕೇ, ಎಂದ ಅವನು, ಐವತ್ತೆಂಟರ ಗಂಡಸು, ಅಮ್ಮನ ಮುಂದೆ ತಲೆ ತಗ್ಗಿಸಿಕೊಂಡು. ರೊಸಿತ್ಸಾಗೆ ತಾನು ಹೇಳಿದ್ದು ಸರಿ ಎಂದು ಗೊತ್ತಿತ್ತು, ಆದರೂ ತನ್ನ ತಟ್ಟೆಯನ್ನು ಮುಟ್ಟದೆ ಎತ್ತಿಟ್ಟಳು.

ಶುಕ್ರವಾರ ಅವಳು ಕೆಲಸದಿಂದ ಬಂದಾಗ ಗ್ಯಾರೇಜಿನಲ್ಲಿ ದೀಪ ಉರಿಯುತ್ತಿತ್ತು. ಮೂರೂ ಬೈಕುಗಳು ಅಂಗಳದಲ್ಲಿ ನಿಂತಿದ್ದವು. ಜಗಳವಾಗಿರುತ್ತದೆ, ಗೆಂಚೊ ಮತ್ತೆ ವೆಸೆಲಿನ್ ಕೊರಳ ಪಟ್ಟಿ ಹಿಡಿದುಕೊಂಡಿರುತ್ತಾರೆ ಎಂದುಕೊಂಡು, ಹತ್ತಿರ ಹೋಗಲು ಅಂಜಿ, ಮೇಲೆ ಹತ್ತಿ ಬಾಲ್ಕನಿಗೆ ಓಡಿದಳು. ಕೆಳಗೆ ಗೆಂಚೊನ ಮುಂದಿನ ಚಕ್ರದ ಎದುರು ದಾರಿನಾ ಮಂಡಿಯೂರಿ ಕೂತಿದ್ದಳು, ಕೈಯಲ್ಲಿ ಸ್ಪ್ಯಾನರ್. ವೆಸೆಲಿನ್ ಪಕ್ಕದಲ್ಲಿ ಡಬ್ಬಿಯೊಂದರ ಮೇಲೆ ಕೂತು ಹೇಳಿಕೊಡುತ್ತಿದ್ದ. ಇಷ್ಟು ಸಾಲದು, ಇನ್ನೊಂದು ಕೂದಲಷ್ಟು, ಹಾಂ, ಈಗ ನಿನ್ನ ಬೆರಳಿಗೆ ಏನು ಹೇಳುತ್ತೆ ಅದು? ಹುಡುಗಿ ಏನೋ ಅಂದಳು, ಅಪ್ಪ ತಲೆಯಾಡಿಸಿದ. ಗೆಂಚೊ ಕೈಕಟ್ಟಿ ನಿಂತಿದ್ದ, ಮಿಲ್ಕೊ ವೆಸೆಲಿನ್‌ನ ಬೈಕಿನ ಚೈನು ನೋಡುತ್ತಿದ್ದ.

ರೊಸಿತ್ಸಾಗೆ ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಅಂತೂ ಬುದ್ಧಿ ಬಂತು, ತನ್ನ ಕೈಯಲ್ಲಾಗದ್ದನ್ನು ಮಗಳ ಕೈಯಲ್ಲಿ ಮಾಡಿಸಿದ. ನಾಳೆ ಗೆಂಚೊ, ಮಿಲ್ಕೊ ಇಬ್ಬರೇ ಹೋಗುತ್ತಾರೆ, ವೆಸೆಲಿನ್ ಸೋಮವಾರ ಡಾಕ್ಟರ ಬಳಿ. ಸಂತೋಷಕ್ಕೆ ಅವಳು ಹಿಟ್ಟಿನ ಪದರಗಳ ನಡುವೆ ಚೀಸ್ ಹಾಕಿದ ಬಾನಿತ್ಸಾ ಬೇಯಿಸಿ ದೊಡ್ಡ ತಟ್ಟೆ ತುಂಬ ಕೆಳಗೆ ಒಯ್ದಳು. ಎಲ್ಲರೂ ಎಣ್ಣೆಗೈಯಲ್ಲೇ ತಿಂದರು. ದಾರಿನಾಗೆ ದೊಡ್ಡ ತುಂಡನ್ನೇ ಕೊಟ್ಟು, ಕೆನ್ನೆಯ ಮಸಿ ಒರೆಸಿ, ಜಾಣೆ ಎಂದೂ ಅಂದಳು. ಮದುವೆಯಾದಾಗಿನಿಂದ ಕೇಳಿ ಕೇಳಿ ಕಿವಿ ತೂತಾಗಿದ್ದ ಕಟ್ಟಳೆ ಆ ಹೊತ್ತಿಗೆ ಅವಳಿಗೆ ನೆನಪಾಗಲೇ ಇಲ್ಲ.

ಶನಿವಾರ ಬೆಳಿಗ್ಗೆ ನೆನಪಾಯಿತು. ಬುತ್ತಿ ಕೊಡಲೆಂದು ಅಂಗಳಕ್ಕೆ ಇಳಿದರೆ, ದಾರಿನಾ ಅಪ್ಪನ ಚರ್ಮದ ಕೋಟು ತೊಟ್ಟು, ತೋಳು ಉದ್ದವಾಗಿದ್ದಕ್ಕೆ ಮಡಚಿಕೊಂಡು, ಅಪ್ಪನ ಬೈಕಿಗೆ ಚೀಲ ಕಟ್ಟುತ್ತಿದ್ದಳು.

"ಇದೇನಿದು?" ಎಂದಳು ರೊಸಿತ್ಸಾ.

ಗೆಂಚೊ ತನ್ನ ಬೂಟಿನ ಕಡೆ ನೋಡಿದ. ಮಿಲ್ಕೊಗೆ ಇದ್ದಕ್ಕಿದ್ದಂತೆ ಕನ್ನಡಿ ಒರೆಸುವ ಕೆಲಸ ಬಂತು.

"ಗೆಂಚೊ ಚಿಕ್ಕಪ್ಪನ ಚಕ್ರ ಬಿಗಿದದ್ದು ನಾನು," ಎಂದಳು ದಾರಿನಾ. "ಹಿಂದೆ ಯಾರು ಹೋಗ್ಬೇಕಮ್ಮ?"

"ಅದು ಈ ಮೂವರು ಕುಡಿದು ಮಾಡ್ಕೊಂಡ ಕಟ್ಟಳೆ."

"ಇರಬಹುದು. ಆದ್ರೆ ಅದಕ್ಕೆ ಒಪ್ಕೊಂಡೇ ನಾನು ಸ್ಪ್ಯಾನರ್ ಹಿಡಿದಿದ್ದು."

ರೊಸಿತ್ಸಾ ಗಂಡನ ಕಡೆ ತಿರುಗಿದಳು. ಅವನು ಗ್ಯಾರೇಜಿನ ಬಾಗಿಲಿಗೆ ಒರಗಿ ನಿಂತಿದ್ದ, ರಾತ್ರಿ ನಿದ್ದೆ ಮಾಡಿದವನ ಮುಖವಲ್ಲ ಅದು. "ನೀನು ಹೇಳು ಅವಳಿಗೆ," ಎಂದಳು.

"ಹೇಳ್ದೆ. ಬಿಗಿಯೋದಾದ್ರೆ ಬಿಗಿ, ಆದ್ರೆ ಏನಕ್ಕೆ ಒಪ್ಕೊತಿದ್ದೀಯ ತಿಳ್ಕೊ ಅಂದೆ. ಅವಳಿಗೆ ತಿಳಿದಿದೆ." ಸ್ವಲ್ಪ ತಡೆದು, "ನನಗಿಂತ ಚೆನ್ನಾಗಿ ಓಡಿಸ್ತಾಳೆ, ರೋಸಿ. ಈಗಂತೂ," ಎಂದ.

ಅವಳ ಬಾಯಿಗೆ ಬೇಕಾದಷ್ಟು ಮಾತುಗಳು ಬಂದವು. ಗಂಡನನ್ನು ಆ ಬೈಕಿನಿಂದ ಇಳಿಸಲು ಊರೆಲ್ಲ ಓಡಾಡಿದವಳು ತಾನೇ. ಇಳಿಸಿದ ಜಾಗದಲ್ಲಿ ಮಗಳನ್ನು ಕೂರಿಸಿದವಳೂ ತಾನೇ ಎಂದು ಹೊಳೆದು ಎಲ್ಲ ಮಾತೂ ನಿಂತುಹೋಯಿತು. ಇಪ್ಪತ್ತಾರು ವರ್ಷದವಳನ್ನು ಕೋಣೆಯಲ್ಲಿ ಕೂಡಿಹಾಕುವ ಹಾಗಿರಲಿಲ್ಲ. ಬುತ್ತಿಯನ್ನು ಅವಳ ಚೀಲಕ್ಕೆ ತುರುಕಿ, ನಿಂತಲ್ಲೆಲ್ಲ ಫೋನ್ ಮಾಡು ಎಂದಳು.

"ಅಪ್ಪ ಮಾಡ್ತಿದ್ನಾ?"

"ಮಾಡಿದ್ದಿದ್ರೆ ನನ್ನ ತಲೆ ಇಷ್ಟು ಬೆಳ್ಳಗಾಗ್ತಿರ್ಲಿಲ್ಲ."

ಗೆಂಚೊ ಮುಂದೆ, ದಾರಿನಾ ನಡುವೆ, ಮಿಲ್ಕೊ ಕೊನೆಗೆ. ಮೇಲಿನ ಬಾಲ್ಕನಿಯಿಂದ ತ್ಸೋನಾ ಅಜ್ಜಿ ಶಿಲುಬೆಯ ಗುರುತು ಮಾಡಿದಳು. ತಿರುವಿನಲ್ಲಿ ಮೂರು ಬೈಕುಗಳ ಸದ್ದೂ ಕರಗಿದ ಮೇಲೆ ಗಂಡ ಹೆಂಡತಿ ಮೆಟ್ಟಿಲು ಹತ್ತಿದರು.

ಮೇಲೆ ಬಂದರೆ ವೆಸೆಲಿನ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದ, ಬಂದ, ಮತ್ತೆ ಹೋದ. ಈಗ ಬೆಟ್ಟದ ಬುಡ ಮುಟ್ಟಿರಬೇಕು ಎಂದ. ಅಲ್ಲೊಂದು ತಿರುವಿದೆ, ಬೆಳಗಿನ ಹೊತ್ತು ತೇವ ಇರುತ್ತೆ, ಗೆಂಚೊ ಅಲ್ಲಿ ಯಾವಾಗಲೂ ಜೋರು ಎಂದ. ಕಾಫಿ ಮಾಡಿಕೊಂಡು ಕುಡಿಯಲು ಮರೆತ. ಫೋನನ್ನು ಎತ್ತಿ ನೋಡಿ ಇಟ್ಟ, ಸದ್ದು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ, ಒಂದು ಕಡೆ ಕೂರೋ ಎಂದು ಅಜ್ಜಿ ಗದರಿಸಿ ತನ್ನ ಕೋಣೆಗೆ ಹೋದಳು.

ರೊಸಿತ್ಸಾ ಮೇಜಿನ ಬಳಿ ಸುಮ್ಮನೆ ಕೂತಿದ್ದಳು. ಅವಳಿಗೆ ಈ ಕಾಯುವಿಕೆಯ ದಾರಿಯೆಲ್ಲ ಪರಿಚಯದ್ದು, ಎಲ್ಲಿ ಏರು, ಎಲ್ಲಿ ತಗ್ಗು, ಎಲ್ಲವೂ. ಮದುವೆಯಾದ ಮೊದಲ ಶರತ್ಕಾಲದಿಂದ ಪ್ರತಿ ವರ್ಷ ಒಬ್ಬಳೇ ನಡೆದದ್ದು.

"ಇಷ್ಟು ಹೊತ್ತಿಗೆ ಫೋನ್ ಬರ್ಬೇಕಿತ್ತು," ಎಂದ ವೆಸೆಲಿನ್.

"ಬರಲ್ಲ. ಮಧ್ಯಾಹ್ನದ ತನಕ ಬರಲ್ಲ."

ಅವನು ಎದುರಿನ ಕುರ್ಚಿ ಎಳೆದುಕೊಂಡ. "ನಾನು ಹೋದಾಗ ನೀನೇನು ಮಾಡ್ತಿದ್ದೆ?"

ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿರಲೇ ಇಲ್ಲ. ರೊಸಿತ್ಸಾಗೆ ಅಳು ಬಂತು, ಸಿಟ್ಟೂ ಬಂತು.

"ನೆಲ ಒರೆಸ್ತಿದ್ದೆ," ಎಂದಳು. "ಮುಗಿದ ಮೇಲೆ ಮತ್ತೆ ಒರೆಸ್ತಿದ್ದೆ."

ವೆಸೆಲಿನ್ ಎದ್ದು ಬಚ್ಚಲಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಕೆಟ್ಟನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದು ಅಡುಗೆಮನೆಯ ನಡುವೆ ಇಟ್ಟು, ಮಂಡಿಯೂರಿ, ಬಟ್ಟೆಯನ್ನು ನೀರಿಗೆ ಅದ್ದಿ ಎತ್ತಿದ. ಹಿಂಡಲು ಹೋದರೆ ಬಲಗೈಯ ಬೆರಳುಗಳು ಮಡಚಿಕೊಳ್ಳಲಿಲ್ಲ. ನೀರೆಲ್ಲ ಮೊಳಕೈಯಿಂದ ಇಳಿದು ನೆಲದ ಮೇಲೆ ಹರಿಯಿತು. ಅವನು ಇನ್ನೊಮ್ಮೆ ಹಿಂಡಿ ನೋಡಿದ.

"ಕೊಡು ಇಲ್ಲಿ," ಎಂದಳು ರೊಸಿತ್ಸಾ.

ಅವಳು ಅವನ ಪಕ್ಕದಲ್ಲಿ ಕೂತು ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಅವನ ಎಡಗೈಗೆ ಕೊಟ್ಟಳು. ಅವನು ಬಾಗಿಲ ಕಡೆಯಿಂದ ಒರೆಸಲು ಶುರು ಮಾಡಿದ.